ಹಾಡು ನಿಲ್ಲಿಸಿದ ಮೆಮ್ನಾನ್: ಲಕ್ಸರ್‌ಗೆ ಹೊರಟವರಿಗೆ

ಮೊದಲೇ ಹೇಳಿಬಿಡುತ್ತೇನೆ, ಒಂದು ಕಾಲದಲ್ಲಿ ಬೆಳಗಿನ ಹೊತ್ತು ಹಾಡುತ್ತಿದ್ದ ಕಲ್ಲಿನ ಪ್ರತಿಮೆ ಮೆಮ್ನಾನ್ ಈಗ ಹಾಡುವುದಿಲ್ಲ. ಅವನು ಸುಮ್ಮನಾಗಿ ಸುಮಾರು 1800 ವರ್ಷ ಆಯಿತು. ಆದರೂ ಈಜಿಪ್ಟಿನ ಲಕ್ಸರ್‌ಗೆ ಹೋದವರು ಈ ಜೋಡಿ ಪ್ರತಿಮೆಗಳನ್ನು ಸೂರ್ಯ ಹುಟ್ಟುವ ಹೊತ್ತಿಗೇ ನೋಡಬೇಕು. ಟೂರ್ ಬಸ್ಸಿನವರು ಹತ್ತು ನಿಮಿಷ ನಿಲ್ಲಿಸಿ ರಾಜರ ಕಣಿವೆಗೆ ಓಡಿಸುತ್ತಾರೆ. ಅಷ್ಟರಲ್ಲಿ ಕಾಣುವುದು ಮುಖ ಸವೆದುಹೋದ ಎರಡು ದೊಡ್ಡ ಕಲ್ಲು, ಅಷ್ಟೇ.

ಎರಡೂ ಮೂರನೇ ಅಮೆನ್‌ಹೋಟೆಪ್ ದೊರೆಯ ಪ್ರತಿಮೆಗಳು. ಸುಮಾರು 18 ಮೀಟರ್ ಎತ್ತರ, 3300 ವರ್ಷಕ್ಕೂ ಹಳೆಯವು. ಕಲ್ಲು ತಂದದ್ದು ಕೈರೋ ಹತ್ತಿರದಿಂದ, 600 ಕಿ.ಮೀ.ಗೂ ಆಚೆಯಿಂದ! ಇವುಗಳ ಹಿಂದೆ ಅವನದೇ ದೊಡ್ಡ ದೇವಸ್ಥಾನ ಇತ್ತು. ಈಗ ಅದು ಬಯಲು. 1998ರಿಂದ ಅಲ್ಲಿ ಅಗೆದು, ಬಿದ್ದ ಪ್ರತಿಮೆಗಳನ್ನು ಎತ್ತಿ ನಿಲ್ಲಿಸುವ ಕೆಲಸ ನಡೆದಿದೆ.

ಪ್ರತಿಮೆಗಳಿಗೆ ಮುಖ ಮಾಡಿ ನಿಂತರೆ ನಿಮ್ಮ ಬಲಗಡೆ ಇರುವುದೇ ಹಾಡುತ್ತಿದ್ದದ್ದು. ಕ್ರಿ.ಪೂ. 27ರ ಭೂಕಂಪದಲ್ಲಿ ಅದರ ಮೇಲ್ಭಾಗ ಬಿದ್ದುಹೋಯಿತಂತೆ. ಆಮೇಲೆ ಬೆಳಗಿನ ಹೊತ್ತು, ಬಿಸಿಲು ಬೀಳುತ್ತಿದ್ದಂತೆ, ಉಳಿದ ಕಲ್ಲಿನಿಂದ ಸದ್ದು ಬರತೊಡಗಿತು. ವಾದ್ಯದ ತಂತಿ ಕಡಿದಂಥ ಸದ್ದು ಎಂದು ಗ್ರೀಕ್ ಪ್ರವಾಸಿ ಪಾಸೇನಿಯಸ್ ಬರೆದಿದ್ದಾನೆ. ಟ್ರಾಯ್ ಯುದ್ಧದಲ್ಲಿ ಸತ್ತ ಮೆಮ್ನಾನ್ ತನ್ನ ತಾಯಿ ಉಷೆಯನ್ನು ಮಾತಾಡಿಸುತ್ತಿದ್ದಾನೆ ಎಂದು ಗ್ರೀಕರು ನಂಬಿದರು. ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಮಾತ್ರ ಅನುಮಾನದ ಮನುಷ್ಯ. ಸದ್ದು ಕೇಳಿದ್ದು ನಿಜ, ಆದರೆ ಕಲ್ಲು ಮಾಡಿತೋ, ಪಕ್ಕದಲ್ಲಿ ನಿಂತವರು ಮಾಡಿದರೋ ಎಂದು ಕೇಳಿದ. ನನಗೆ ಇಷ್ಟವಾದವನು ಇವನೇ.

ಕಾರಣ ದೊಡ್ಡ ಮಾಯೆಯೇನಲ್ಲ ಎನ್ನುತ್ತಾರೆ ತಿಳಿದವರು. ರಾತ್ರಿಯ ತಂಪು, ಇಬ್ಬನಿಯ ತೇವ ಬಿರುಕಿನೊಳಗೆ ಇರುತ್ತದೆ. ಬಿಸಿಲು ತಾಗಿದಾಗ ತೇವ ಆರಿ, ಕಲ್ಲು ಹಿಗ್ಗಿ ಸದ್ದಾಗುತ್ತದೆ. ಬಿಸಿಲೇರಿದಾಗ ಮನೆಯ ತಗಡಿನ ಶೀಟು ಟಕ್ ಅನ್ನುತ್ತದಲ್ಲ, ಹಾಗೆ. ಹಂಪಿಯ ವಿಠ್ಠಲ ದೇವಸ್ಥಾನದ ಕಂಬಗಳನ್ನು ಕೈಯಿಂದ ತಟ್ಟಿದರೆ ಸ್ವರ ಬರುತ್ತದೆ. ಇಲ್ಲಿ ಯಾರೂ ಮುಟ್ಟಬೇಕಿರಲಿಲ್ಲ. ಮುಂದೆ ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ರಿಪೇರಿ ಮಾಡಿಸಿದ, ಅಲ್ಲಿಗೆ ಸದ್ದು ನಿಂತಿತು ಎಂದು ಹೇಳುತ್ತಾರೆ. ಒಳ್ಳೆಯದು ಮಾಡಲು ಹೋಗಿ ಬಾಯಿ ಮುಚ್ಚಿಸಿದಂತಾಯಿತು! ಸೊಂಟದ ಮೇಲೆ ಸಾಲುಸಾಲಾಗಿ ಕಲ್ಲು ಜೋಡಿಸಿರುವುದು ಬರಿಗಣ್ಣಿಗೇ ಕಾಣುತ್ತದೆ. ಎಡಗಡೆಯ ಪ್ರತಿಮೆ ಹಾಗಿಲ್ಲ. ಎರಡನ್ನೂ ಹೋಲಿಸಿ ನೋಡಿ.

ಇನ್ನು ನಿಜವಾದ ರುಚಿ ಇರುವುದು ಕಾಲುಗಳಲ್ಲಿ. ಸದ್ದು ಕೇಳಲು ಬಂದವರು ಗ್ರೀಕ್, ಲ್ಯಾಟಿನ್‌ನಲ್ಲಿ ನೂರಕ್ಕೂ ಹೆಚ್ಚು ಬರಹ ಕೆತ್ತಿಸಿದ್ದಾರೆ. ಇಂಥವನು ಬಂದೆ, ಇಷ್ಟು ಹೊತ್ತಿಗೆ ಕೇಳಿದೆ ಅಂತ. ಕ್ರಿ.ಶ. 130ರಲ್ಲಿ ಚಕ್ರವರ್ತಿ ಹೇಡ್ರಿಯನ್ ಹೆಂಡತಿ ಸಬೀನಾ ಜೊತೆ ಬಂದಿದ್ದ. ಅವರ ಜೊತೆಗಿದ್ದ ಜೂಲಿಯಾ ಬಾಲ್ಬಿಲ್ಲಾ ಎಂಬ ಕವಯಿತ್ರಿಯ ಪದ್ಯಗಳೂ ಇಲ್ಲಿವೆ. ಮೊದಲ ದಿನ ಮೆಮ್ನಾನ್ ಬಾಯಿ ಬಿಡಲೇ ಇಲ್ಲ ಎಂದು ಅವಳು ಬರೆದಿದ್ದಾಳೆ. ಚಕ್ರವರ್ತಿ ಬಂದರೂ! ತೀರಾ ಹತ್ತಿರ ಹೋಗಿ ಮುಟ್ಟಲು ಬಿಡುವುದಿಲ್ಲ. ಹಾಗಾಗಿ ಬೈನಾಕ್ಯುಲರ್ ಅಥವಾ ಒಳ್ಳೆಯ ಜೂಮ್ ಇರುವ ಕ್ಯಾಮೆರಾ ಒಯ್ಯಿರಿ. ಇಲ್ಲಾಂದ್ರೆ ಈ ಬರಹಗಳು ಕಣ್ಣಿಗೆ ಬೀಳುವುದೇ ಇಲ್ಲ.

ಹೋಗುವುದು ಸುಲಭ. ಕೈರೋದಿಂದ ಲಕ್ಸರ್‌ಗೆ ವಿಮಾನದಲ್ಲಿ ಒಂದು ಗಂಟೆ, ಇಲ್ಲವೇ ರಾತ್ರಿ ರೈಲು. ಹೋಟೆಲ್‌ಗಳು ಜಾಸ್ತಿ ಇರುವುದು ನೈಲ್ ನದಿಯ ಪೂರ್ವ ದಡದಲ್ಲಿ, ಪ್ರತಿಮೆಗಳು ಪಶ್ಚಿಮ ದಡದಲ್ಲಿ. ಲಕ್ಸರ್ ದೇವಸ್ಥಾನದ ಹತ್ತಿರ ಊರಿನವರು ಓಡಾಡುವ ದೋಣಿ ಸಿಗುತ್ತದೆ, ತುಂಬಾ ಅಗ್ಗ. ಆಚೆ ದಡದಿಂದ ಟ್ಯಾಕ್ಸಿ. ಹತ್ತುವ ಮುಂಚೆ ದರ ಮಾತಾಡಿ. ಪಶ್ಚಿಮ ದಡದಲ್ಲೇ ಉಳಿದರೆ ಬೆಳಗಿನ ತಾಪತ್ರಯ ಇಲ್ಲ, ನಾನು ಅದನ್ನೇ ಹೇಳುತ್ತೇನೆ.

ಪ್ರತಿಮೆ ನೋಡಲು ಟಿಕೆಟ್ ಇಲ್ಲ, ರಸ್ತೆ ಪಕ್ಕದಲ್ಲೇ ಇವೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂವರೆ ಹೊತ್ತಿಗೆ. ಚಳಿ ಇರುತ್ತದೆ, ಸ್ವೆಟರ್ ಬೇಕೇ ಬೇಕು. ಪ್ರತಿಮೆಗಳು ಪೂರ್ವಕ್ಕೆ ಮುಖ ಮಾಡಿವೆ, ಫೋಟೋಗೂ ಬೆಳಗೇ ಸರಿ. ಮಧ್ಯಾಹ್ನದ ಮೇಲೆ ಬಿಸಿಲು ಹಿಂದಿನಿಂದ ಬಂದು ಮುಖವೆಲ್ಲ ಕಪ್ಪಾಗುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಆಕಾಶದಲ್ಲಿ ಬಿಸಿಗಾಳಿ ಬಲೂನುಗಳೂ ಇರುತ್ತವೆ. ಈಗ ಅಲ್ಲಿ ಬೆಳಗಿನ ಸದ್ದು ಅಂದರೆ ಅವುಗಳ ಬರ್ನರ್‌ದು.

ಅಲ್ಲಿಂದ ಸೀದಾ ಮೆದಿನೆತ್ ಹಾಬು ದೇವಸ್ಥಾನಕ್ಕೆ ಹೋಗಿ, ಹತ್ತಿರದಲ್ಲೇ ಇದೆ. ಬಣ್ಣ ಇನ್ನೂ ಉಳಿದಿರುವ ಗೋಡೆಗಳಿವೆ, ಆ ಹೊತ್ತಿಗೆ ಜನವೂ ಕಡಿಮೆ. ಅಲ್ಲಿಗೆ ಟಿಕೆಟ್ ಬೇಕು, ಬ್ಯಾಂಕ್ ಕಾರ್ಡ್ ಜೊತೆಗಿರಲಿ. ಸಸ್ಯಾಹಾರಿಗಳು ಚಿಂತಿಸಬೇಡಿ. ತಾಮೆಯ್ಯ ಅಂದರೆ ಅವರೆ ಜಾತಿಯ ಕಾಳಿನ ವಡೆ, ರೊಟ್ಟಿಯೊಳಗೆ ತುಂಬಿ ಕೊಡುತ್ತಾರೆ. ಬಿಸಿಬಿಸಿ ತಿಂದು ಹೊರಟರೆ ಮಧ್ಯಾಹ್ನದವರೆಗೆ ಹಸಿವಿಲ್ಲ.