ಚೌಕಾಸಿ ಮಾಡದ ಗಿರಾಕಿ

"ಪಿನ್ ಹಾಕಿ ಸಾರ್, ದುಡ್ಡು ಬರುತ್ತೆ." ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಅವನು ಹೇಳಿದ್ದು ಹಿಂದಿಯಲ್ಲಿ. ನನಗೆ ನೆನಪಾಗುವುದು ಮಾತ್ರ ಕನ್ನಡದಲ್ಲಿ.

ಮಾರಾಟಕ್ಕಿಟ್ಟಿದ್ದು ಅಮ್ಮನ ಗ್ರೈಂಡರ್. ಎರಡು ಲೀಟರಿನದು, ಚೆನ್ನಾಗೇ ಓಡುತ್ತೆ. ಆ ಕಲ್ಲು ಎತ್ತಿ ತೊಳೆಯೋದು ಅಮ್ಮನ ಕೈಲಿ ಈಗ ಆಗಲ್ಲ. ಫೋಟೋ ಹಾಕಿ 4,500 ಅಂತ ಬರೆದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಜೈ ಹಿಂದ್ ಸಾರ್." ಮಿಲಿಟರಿಯವನಂತೆ. ಮೈಸೂರಿಗೆ ವರ್ಗ ಆಗಿದೆಯಂತೆ. ಸಂಜೆ ಗಾಡಿ ಕಳಿಸ್ತಾನಂತೆ, ದುಡ್ಡು ಮಾತ್ರ ಈಗಲೇ ಹಾಕ್ತಾನಂತೆ. ವಾಟ್ಸಾಪಿಗೆ ಯೂನಿಫಾರ್ಮಿನ ಫೋಟೋ, ಐಡಿ ಕಾರ್ಡು ಎಲ್ಲಾ ಬಂತು. ಗ್ರೈಂಡರ್ ಓಡುತ್ತಾ ಅಂತ ಒಂದು ಮಾತು ಕೇಳಲಿಲ್ಲ. ಒಂದು ರೂಪಾಯಿ ಕಮ್ಮಿ ಮಾಡಿ ಅನ್ನಲಿಲ್ಲ.

ಸೊಪ್ಪು ಬಿಡಿಸುತ್ತಾ ಕೂತಿದ್ದ ಅಮ್ಮ ಆಗಲೇ ಅಂದಿದ್ದಳು. "ಚೌಕಾಸಿ ಮಾಡ್ದೆ ಇರೋನು ಎಂಥ ಗಿರಾಕಿಯೋ?"

"ಸುಮ್ನಿರಮ್ಮ, ಮಿಲಿಟರಿಯವರು ಅವರು."

ಮೊದಲು ಐದು ರೂಪಾಯಿಯ ಕ್ಯೂಆರ್ ಕೋಡ್ ಕಳಿಸಿದ. "ಆರ್ಮಿ ಅಕೌಂಟು ಸಾರ್, ಚೆಕ್ ಮಾಡಬೇಕು." ಸ್ಕ್ಯಾನ್ ಮಾಡಿದೆ. ಐದು ಹೋಯ್ತು, ಹತ್ತು ಬಂತು. ಆ ಹತ್ತು ರೂಪಾಯಿಗೆ ನಾನು ಬಿದ್ದೆ. ಆಮೇಲೆ 4,500ರ ಕೋಡ್ ಬಂತು. ಪರದೆ ಮೇಲೆ 'ಪೇ' ಅಂತಲೇ ಇತ್ತು. ಓದಿದೆ. ಓದಿಯೂ ಪಿನ್ ಒತ್ತಿದೆ. ದುಡ್ಡು ಹೋಯ್ತು. "ಸರ್ವರ್ ಪ್ರಾಬ್ಲಂ ಸಾರ್, ಇನ್ನೊಂದು ಸಲ ಹಾಕಿ, ಎರಡೂ ಒಟ್ಟಿಗೆ ಬರುತ್ತೆ." ಆಗ ಅಮ್ಮ ಎದ್ದು ಬಂದು, ಸೊಪ್ಪಿನ ಕೈಯಲ್ಲೇ ಫೋನ್ ಕಿತ್ತುಕೊಂಡಳು.

ದಿನಾ ಬೆಳಿಗ್ಗೆ ಎಳನೀರಿನವನ ಗಾಡಿಗೆ ನೇತುಹಾಕಿರುವ ಸ್ಕ್ಯಾನರಿಗೆ ಫೋನ್ ಹಿಡಿಯುವವನು ನಾನು. ಪಿನ್ ಒತ್ತೋದು ನಾನು, ದುಡ್ಡು ಬರೋದು ಅವನಿಗೆ. ಬಂತು ಅಂತ ಅವನ ಡಬ್ಬಿ ಕೂಗುತ್ತೆ. ದುಡ್ಡು ತಗೊಳ್ಳೋಕೆ ಅವನು ಯಾವತ್ತಾದರೂ ಪಿನ್ ಒತ್ತಿದ್ದುಂಟಾ? ಇದೆಲ್ಲ ಗೊತ್ತಿಲ್ಲದೆ ಇರಲಿಲ್ಲ. ಇದರ ಜೊತೆಗೆ ನನ್ನ ತಮ್ಮ ಫೋನಿನಲ್ಲೇ ಪಾಠ ಮಾಡಿದ. ಒಬ್ಬರು ಇನ್ನೊಬ್ಬರಿಗೆ ದುಡ್ಡು ಕೇಳಿ ರಿಕ್ವೆಸ್ಟ್ ಕಳಿಸೋದನ್ನ 2025ರ ಅಕ್ಟೋಬರಿನಿಂದ ಯುಪಿಐಯಲ್ಲಿ ನಿಲ್ಲಿಸಿದ್ದಾರೆ, ಅದಕ್ಕೇ ಈಗ ಮೋಸಗಾರರು ಕೋಡ್ ಹಿಡಿದುಕೊಂಡು ಬರ್ತಾರೆ ಅಂತ. ಅವನಿಗೆ ಎಲ್ಲ ಗೊತ್ತಿರುತ್ತೆ, ಮುಗಿದ ಮೇಲೆ.

ನನ್ನದು ಆಸೆಯಲ್ಲ. ಕೇಳಿದ ರೇಟಿಗಿಂತ ಜಾಸ್ತಿ ಏನೂ ಬರುತ್ತಿರಲಿಲ್ಲ. ಅಷ್ಟು ಮರ್ಯಾದೆಯಿಂದ ಮಾತಾಡೋನಿಗೆ "ಯಾಕ್ರೀ ಪಿನ್?" ಅನ್ನೋಕೆ ಬಾಯಿ ಬರಲಿಲ್ಲ. ಪಕ್ಕದ ಮನೆಯವರಿಗೆ ಸಾಲ ಕೊಟ್ಟು ವಾಪಸ್ ಕೇಳದವನು ನಾನು. ಅಂಗಡಿಯಲ್ಲಿ ಚಿಲ್ಲರೆ ಕಮ್ಮಿ ಕೊಟ್ಟರೂ ಎಣಿಸದೆ ಬರುವವನು. ಅಮ್ಮ ಗಾದೆ ಹೇಳಿದಳು: "ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ." ಮಗನಿಗೆ ಹೇಳುವ ಗಾದೆನಾ ಅದು?

ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಬ್ಯಾಂಕಿಗೂ ಹೇಳಿದ್ದಾಯಿತು. ದುಡ್ಡು ಇನ್ನೂ ಬಂದಿಲ್ಲ.

ಗುರುವಾರ ಇಡ್ಲಿ ಗಾಡಿ ಇಟ್ಟಿರುವ ಹೆಂಗಸೊಬ್ಬರು ಬಂದರು. ಪಾತ್ರೆಗೆ ನೀರು ಹಾಕಿ ಓಡಿಸಿ ನೋಡಿದರು. ಕಲ್ಲಿನ ಮೇಲೆ ಉಗುರು ಎಳೆದರು. ಬೆಲ್ಟು ಸಡಿಲ, ವೈರು ಹಳೇದು, ಮೂರು ಸಾವಿರಕ್ಕೆ ಕೊಡಿ ಅಂದರು. ಅಮ್ಮ ನಾಲ್ಕಕ್ಕೆ ನಿಂತಳು. ಅರ್ಧ ಗಂಟೆ ಜಗ್ಗಾಡಿದರು, ನಡುವೆ ಕಾಫಿಯೂ ಆಯಿತು. 3,600ಕ್ಕೆ ಮುಗಿಯಿತು. ಅಮ್ಮನನ್ನು ಅಷ್ಟು ಖುಷಿಯಾಗಿ ನೋಡಿ ಎಷ್ಟೋ ದಿನ ಆಗಿತ್ತು.

ಆಕೆ ಸೆರಗಿನಿಂದ ಫೋನ್ ತೆಗೆದಾಗ ನನ್ನ ಎದೆ ಧಸಕ್ಕೆಂದಿತು.

"ನಿಮ್ ಸ್ಕ್ಯಾನರ್ ತೋರ್ಸಿ ಅಣ್ಣಾ," ಅಂದರು. "ದುಡ್ಡು ಹಾಕೋಳು ನಾನಲ್ವಾ?"