ಅಜ್ಜಿಯ ತಮ್ಮ

17 ನವೆಂಬರ್ 2024, ಭಾನುವಾರ
ಹರಿಹರ

ಮಗನ ಬಲ ಮೊಣಕಾಲು ಬೆಳಿಗ್ಗೆ ಮತ್ತೆ ಊದಿತ್ತು. ಅವನಿಗೆ ಹಿಮೋಫಿಲಿಯಾ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಬಿದ್ದಿಲ್ಲ, ಏನೂ ತಾಗಿಲ್ಲ. 'ಒಳಗೆ ಜುಮ್ ಅಂತಿದೆ ಅಮ್ಮ' ಅಂದ. ಫ್ರಿಜ್‌ನಿಂದ ಫ್ಯಾಕ್ಟರ್ 8 ತೆಗೆದೆ, ರಕ್ತ ಹೆಪ್ಪುಗಟ್ಟಿಸುವ ಈ ಅಂಶ ಅವನಲ್ಲಿ ಕಡಿಮೆ. ಪುಡಿಗೆ ನೀರು ಬೆರೆಸಿ ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು, ಕುಲುಕಬಾರದು. ಎಂಟು ವರ್ಷದ ಹುಡುಗ, ತಾನೇ ಕೈ ಚಾಚಿ ನರ ತೋರಿಸುತ್ತಾನೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿ, 'ನನ್ನ ತಮ್ಮಂಗೂ ಹಿಂಗೇ ಊದ್ತಿತ್ತು' ಅಂದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಒಂಬತ್ತು ವರ್ಷಕ್ಕೆ ಹಲ್ಲು ಬಿದ್ದು, ಮೂರು ದಿನ ರಕ್ತ ನಿಲ್ಲದೆ ತೀರಿಕೊಂಡನಂತೆ. ನಾಗರ ಶಾಪ ಅಂದರಂತೆ ಎಲ್ಲರೂ. ಅಜ್ಜಿಯ ಅವ್ವ ಬದುಕಿರುವವರೆಗೂ ಪ್ರತಿ ಪಂಚಮಿಗೆ ಹುತ್ತಕ್ಕೆ ಹಾಲೆರೆದು ತಪ್ಪಾಯ್ತು ಅಂತ ಬೇಡಿಕೊಳ್ಳುತ್ತಿದ್ದರಂತೆ. ಯಾವ ತಪ್ಪು ಅಂತ ಅವರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ, ನಮ್ಮ ವಂಶವೃಕ್ಷ ಬರೆಯಲು ಅಜ್ಜಿಯ ಮುಂದೆ ಕೂತೆ. ಹೆಣ್ಣಿಗೆ ಸೊನ್ನೆ, ಗಂಡಿಗೆ ಚೌಕ. ಕಾಯಿಲೆ ಇದ್ದರೆ ಚೌಕ ತುಂಬಬೇಕು. ಕಾಯಿಲೆ ಕಾಣಿಸದಿದ್ದರೂ ದಾಟಿಸುವ ಹೆಣ್ಣಿನ ಸೊನ್ನೆಗೆ ನಡುವೆ ಚುಕ್ಕೆ. ಅಜ್ಜಿಗೆ, ಅಮ್ಮನಿಗೆ, ನನಗೆ ಚುಕ್ಕೆ ಇಟ್ಟೆ.

'ಹೆಣ್ಣಿಗೆ ಎಕ್ಸ್ ಅನ್ನೋ ವರ್ಣತಂತು ಎರಡು ಇರುತ್ತೆ ಅಜ್ಜಿ. ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕೈಹಿಡಿಯುತ್ತೆ. ಗಂಡಿಗೆ ಇರೋದೇ ಒಂದು, ಅದೂ ತಾಯಿಯಿಂದ ಬಂದದ್ದು.' ನಮ್ಮಂಥವರಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮೊದಲನೆಯವನಿಗೆ ಬಂತು, ಇನ್ನು ಎರಡನೆಯವನಿಗೆ ಬರಲ್ಲ ಅನ್ನುವ ಲೆಕ್ಕವಿಲ್ಲ. ಮುಂದೆ ನನ್ನ ಮಗನಿಗೆ ಹೆಣ್ಣುಮಕ್ಕಳಾದರೆ ಎಲ್ಲರಿಗೂ ಚುಕ್ಕೆ ಬರುತ್ತದೆ. ಅವನ ಗಂಡುಮಕ್ಕಳಿಗೆ ಅವನಿಂದ ಬರುವುದಿಲ್ಲ.

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮಗ ಲಿಯೋಪೋಲ್ಡ್ 1884ರಲ್ಲಿ ಜಾರಿಬಿದ್ದು ರಕ್ತಸ್ರಾವದಿಂದ ಸತ್ತದ್ದನ್ನೂ ಹೇಳಿದೆ. 'ರಾಣಿಗೆ ಯಾರು ಶಾಪ ಹಾಕಿದ್ರು?' ಅಂತ ಕೇಳಿದರು. ಯಾರೂ ಇಲ್ಲ ಅಜ್ಜಿ ಅಂದೆ. ಸುಮಾರು ಹೊತ್ತು ಮಾತಾಡಲಿಲ್ಲ.

ತಂಗಿಯ ಸೊನ್ನೆ ಖಾಲಿ ಉಳಿಯಿತು. ಫೆಬ್ರವರಿಯಲ್ಲಿ ಅವಳ ಮದುವೆ. 'ನಂಗೇನೂ ಇಲ್ವಲ್ಲ' ಅನ್ನುತ್ತಾಳೆ. ಮುಟ್ಟಾದಾಗ ಏಳೆಂಟು ದಿನ ಸುಸ್ತಾಗುವಷ್ಟು ರಕ್ತ ಹೋಗುತ್ತದಲ್ಲ, ಅದು? ಚುಕ್ಕೆ ಇರುವ ಹೆಣ್ಣುಮಕ್ಕಳಲ್ಲೂ ಕೆಲವರಿಗೆ ಫ್ಯಾಕ್ಟರ್ ಕಡಿಮೆ ಇರುತ್ತದೆ. ಫ್ಯಾಕ್ಟರ್ ಸರಿಯಿದ್ದರೂ ಚುಕ್ಕೆ ಇಲ್ಲ ಅಂತಲ್ಲ, ಜೀನ್ ಪರೀಕ್ಷೆಯೇ ಆಗಬೇಕು. ಮಗನ ಜೀನಿನಲ್ಲಿ ಎಲ್ಲಿ ಕೆಟ್ಟಿದೆ ಅಂತ ನಮಗೆ ಗೊತ್ತಿದೆ, ಅವಳಲ್ಲಿ ಆ ಒಂದು ಜಾಗ ನೋಡಿದರೆ ಸಾಕು.

'ಬೀಗರಿಗೆ ಗೊತ್ತಾದ್ರೆ?' ಅಂದರು ಅಮ್ಮ. ನನಗೆ ಸಿಟ್ಟು ಬಂತು. ನನ್ನ ಮಗು ಹುಟ್ಟಿದಾಗ ಯಾರಿಗೂ ಏನೂ ಗೊತ್ತಿರಲಿಲ್ಲ. ಲಸಿಕೆ ಹಾಕಿಸಿದ ತೊಡೆ ಕಲ್ಲಿನ ಹಾಗೆ ಗಟ್ಟಿಯಾಗಿ ನೀಲಿಗಟ್ಟಿತ್ತು. ರಾತ್ರಿಯಿಡೀ ಎತ್ತಿಕೊಂಡು ಓಡಾಡಿದೆ. ಮೊದಲೇ ಗೊತ್ತಿದ್ದರೆ ಹೆರಿಗೆಯಲ್ಲಿ ಇಕ್ಕಳ ಹಾಕದೆ ನೋಡಿಕೊಳ್ಳಬಹುದು, ಹೊಕ್ಕುಳಬಳ್ಳಿಯ ರಕ್ತದಲ್ಲೇ ಪರೀಕ್ಷೆ ಮಾಡಬಹುದು. ಅವಳನ್ನು ಮದುವೆಯಾಗುವ ಹುಡುಗನಿಗೂ ನಾನೇ ಕೂರಿಸಿ ಹೇಳುತ್ತೇನೆ ಅಂದೆ. ತಂಗಿ ಹಾಳೆಯನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಅಜ್ಜಿ ತಮ್ಮದೇ ಸೊನ್ನೆಯ ಪಕ್ಕದ ಜಾಗದಲ್ಲಿ ಬೆರಳಿಟ್ಟು, 'ಅವನೆಲ್ಲಿ?' ಅಂದರು. ನಾನು ಬರೆದೇ ಇರಲಿಲ್ಲ. ಪೆನ್ಸಿಲ್ ಇಸಿದುಕೊಂಡು ತಾವೇ ಸೊಟ್ಟಗೆ ಒಂದು ಚೌಕ ಎಳೆದರು. ಒತ್ತಿ ಒತ್ತಿ ಪೂರ್ತಿ ತುಂಬಿಸಿದರು. ಮೇಲೊಂದು ಗೆರೆ ಎಳೆದು ತಮ್ಮವ್ವನ ಸೊನ್ನೆಗೆ ಸೇರಿಸಿ, ಅದರ ನಡುವೆ ಚುಕ್ಕೆ ಇಟ್ಟರು.

ಗುರುವಾರ ತಂಗಿಯ ಜೊತೆ ದಾವಣಗೆರೆಗೆ ಹೋಗಿ ರಕ್ತ ಕೊಟ್ಟು ಬರುತ್ತೇವೆ. ಮಗನ ಊತ ಸಂಜೆಗೆ ಸ್ವಲ್ಪ ಇಳಿದಿದೆ.