ಈಡಿಗೆ ಸುಮ್ಮನಿದ್ದ ಬೊಳ್ಳು ಗುಡ್ಡಕ್ಕೆ ಬೊಗಳಿದ್ದು

ಕೊನೆಗೂ ಗೊತ್ತಾಯಿತು. ಕೋವಿಯ ಈಡಿಗೆ (ಗುಂಡಿನ ಸದ್ದಿಗೆ) ಹೆದರದಂತೆ ನಾನು ಪಳಗಿಸುತ್ತಿರುವ ನಮ್ಮ ನಾಯಿ ಬೊಳ್ಳು ಬೊಗಳುತ್ತಿದ್ದದ್ದು ಎದುರು ಗುಡ್ಡಕ್ಕೆ! ಕೋವಿಯ ಮೇಲೆ ಅವನಿಗೆ ಯಾವ ತಕರಾರೂ ಇರಲಿಲ್ಲ.

ಈ ಪಾಠದ ಮೊದಲ ಹಂತಗಳನ್ನು ಇಲ್ಲಿ ಬರೆಯುವುದಿಲ್ಲ. ಚಾಪೆ ಮೇಲೆ ಮಲಗಿಸುವುದು, ಪಾತ್ರೆ ಸದ್ದು, ಆಟದ ಪಿಸ್ತೂಲಿನ ಕೇಪು, ದೂರದಿಂದ ಹತ್ತಿರಕ್ಕೆ ಬರುವುದು, ಇದೆಲ್ಲ ನಾಯಿ ಪಳಗಿಸುವವರಿಗೆ ಗೊತ್ತಿರುವುದೇ. ಸದ್ದು ಮೊದಲು, ತಿಂಡಿ ಆಮೇಲೆ. ಕೇಪಿನ ವಿಷಯದಲ್ಲಿ ಮಾತ್ರ ಒಂದು ಮಾತು ಹೇಳಲೇಬೇಕು. ಅಂಗಡಿಯವರು ಕೊಟ್ಟಿದ್ದು ಹೋದ ದೀಪಾವಳಿಯ ಸ್ಟಾಕು. ಕೊಡಗಿನ ಜುಲೈ ತಿಂಗಳಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ, ಇನ್ನು ಕೇಪಿನ ಮದ್ದು ಒಣಗಿರುತ್ತದಾ? ಸುಮಾರು ಸಲ ಒತ್ತಿದ ಮೇಲೆ ಒಂದು ಸಿಡಿಯುತ್ತದೆ. ಆನ್‌ಲೈನಿನಲ್ಲಿ ತರಿಸಿದ ಬ್ಲೂಟೂತ್ ಸ್ಪೀಕರಿನ ಕಥೆಯೂ ಅಷ್ಟೇ. ಗುಂಡಿನ ಸದ್ದು ರೆಕಾರ್ಡ್ ಮಾಡಿ ಹಾಕಿದರೆ ಬರೀ ‘ಟಪ್’ ಅನ್ನುತ್ತದೆ. ಎದೆಗೆ ಗುದ್ದುವ ಆ ತಗ್ಗಿನ ಸದ್ದನ್ನು ಅಷ್ಟು ಚಿಕ್ಕ ಸ್ಪೀಕರ್ ಕೊಡಲಾರದು. ಅದಕ್ಕೆ ಒಗ್ಗಿದ ನಾಯಿ ನಿಜವಾದ ಈಡಿಗೆ ಒಗ್ಗುತ್ತದೆ ಅಂತ ನಂಬಬೇಡಿ.

ಬೊಳ್ಳು ಲ್ಯಾಬ್ ಕ್ರಾಸ್. ತಾಯಿಯ ಕಡೆಯವರೆಲ್ಲ ಬೇಟೆ ನಾಯಿಗಳು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಬೇಟೆ ನಿಂತಿತು, ನಿಲ್ಲಲೇಬೇಕಿತ್ತು. ಆದರೆ ಕೋವಿ ಮನೆಯಲ್ಲೇ ಉಳಿಯಿತು. ಕೈಲ್‌ಪೊಳ್ದ್‌ಗೆ (ಆಯುಧ ಪೂಜೆಯ ಹಬ್ಬ) ತೆಂಗಿನಕಾಯಿಗೆ ಗುಂಡು, ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಗುಂಡು, ಸಾವಾದರೆ ಎರಡು ಗುಂಡು. ಕೊಡಗಿನ ಮನೆ ನಾಯಿಗೆ ಈಡು ತಪ್ಪಿದ್ದಲ್ಲ. ಪ್ರತಿ ಸಲ ಮಂಚದ ಕೆಳಗೆ ನಡುಗುತ್ತಾ ಕೂರುವ ನಾಯಿಯನ್ನು ನೋಡಲು ನನ್ನಿಂದ ಆಗುವುದಿಲ್ಲ.

ಈಗ ಆ ಹಟಮಾರಿ ಸಮಸ್ಯೆ. ಮಾವ ಜೋಡು ನಳಿಗೆ ಕೋವಿಯಲ್ಲಿ ಮಣ್ಣಿನ ದಿಬ್ಬಕ್ಕೆ ಒಂದು ಈಡು ಹೊಡೆಯುತ್ತಾರೆ. ಬೊಳ್ಳುವೂ ನಾನೂ ಅವರ ಹಿಂದೆ ಬಹಳ ದೂರದಲ್ಲಿ. ಬೊಳ್ಳು ಅಲುಗುವುದಿಲ್ಲ. (12 ಬೋರಿನ ಕೋವಿಯ ಸದ್ದು ನಳಿಗೆಯ ಬಾಯಿಯ ಹತ್ತಿರ 150 ಡೆಸಿಬಲ್ ದಾಟುತ್ತದೆ. ನಾಯಿಯನ್ನು ಪಕ್ಕದಲ್ಲಿ ಕೂರಿಸಲೇಬೇಡಿ.) ನಾನು ಕೋಳಿ ಲಿವರ್ ತುಂಡು ಕೊಡುತ್ತೇನೆ. ತಿನ್ನುತ್ತಾನೆ. ತಿಂದು ಮುಗಿಯುವಷ್ಟರಲ್ಲಿ ಬೆನ್ನಿನ ರೋಮ ನಿಮಿರಿಸಿ ಬೊಗಳಲು ಶುರು! ನಿಲ್ಲುವುದೇ ಇಲ್ಲ. ದೂರ ಜಾಸ್ತಿ ಮಾಡಿದರೂ ಅದೇ, ತಿಂಡಿ ಬದಲಾಯಿಸಿದರೂ ಅದೇ.

ಸುಳಿವು ಕೊಟ್ಟವರು ಮಾವ. “ಹೆದರಿದ ನಾಯಿ ಬಾಲ ಮಡಚುತ್ತೆ ಮಗಾ. ಇವನು ಯಾರ ಮೇಲೋ ಜಗಳಕ್ಕೆ ನಿಂತಿದ್ದಾನೆ, ನೋಡು” ಅಂದರು. ಯಾರ ಮೇಲೆ? ಮೊಬೈಲಿನಲ್ಲಿ ವಿಡಿಯೊ ತೆಗೆದು ನಿಧಾನವಾಗಿ ಓಡಿಸಿ ನೋಡಿದೆ. ಈಡು ಬಿದ್ದಾಗ ಕಿವಿ ಮುಂದಕ್ಕೆ, ಬಾಲ ಸಡಿಲ. ಲಿವರ್ ಬಾಯಿಗೆ ಹೋಗುತ್ತದೆ. ಆಮೇಲೆ ತಲೆ ಗಕ್ಕನೆ ಬಲಕ್ಕೆ ತಿರುಗುತ್ತದೆ. ಬಲಕ್ಕೆ ಇರುವುದು ಸಿಲ್ವರ್ ಓಕ್ ಸಾಲಿನ ಆಚೆಯ ಗುಡ್ಡ ಮಾತ್ರ.

ಮಾರ್ದನಿ! ಗುಡ್ಡ ಸುಮಾರು 250 ಮೀಟರ್ ದೂರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹೋಗಿ ಬರಲು ಒಂದೂವರೆ ಸೆಕೆಂಡು. ನಮ್ಮ ಕಿವಿಗೆ ಅದು ಅದೇ ಈಡಿನ ಬಾಲ. ಬೊಳ್ಳುವಿನ ಲೆಕ್ಕದಲ್ಲಿ ಮಾತ್ರ ಅಲ್ಲಿಂದ ಇನ್ನೊಬ್ಬ ಹೊಡೆದ. ಆ ಇನ್ನೊಬ್ಬ ಕಣ್ಣಿಗೆ ಕಾಣುವುದಿಲ್ಲ, ಲಿವರೂ ಕೊಡುವುದಿಲ್ಲ. ತೋಟ ಕಾಯುವ ನಾಯಿ ಬೊಗಳದೆ ಇರುತ್ತದಾ?

ಪರೀಕ್ಷೆ ಸುಲಭ. ಬಯಲು ಗದ್ದೆಗೆ ಹೋದೆವು, ಸುತ್ತ ಹತ್ತಿರದಲ್ಲಿ ಗುಡ್ಡ ಇಲ್ಲ. ಈಡು, ಲಿವರ್, ಮೌನ. ಮಾವನೂ ನಾನೂ ಅಲ್ಲೇ ಗದ್ದೆ ಬದುವಿನ ಮೇಲೆ ಕೂತು ನಕ್ಕೆವು.

ಆಮೇಲೆ ಮಾರ್ದನಿಯನ್ನೇ ಬೇರೆ ಪಾಠ ಮಾಡಿದೆ. ಎರಡು ಒಣಗಿದ ಬೀಟೆ ಹಲಗೆಗಳನ್ನು ಗುಡ್ಡದ ಕಡೆ ಹಿಡಿದು ‘ಚಟ್’ ಅನ್ನಿಸಿದರೆ ಮೆತ್ತಗೆ ಒಂದು ‘ಚಟ್’ ವಾಪಸ್ ಬರುತ್ತದೆ. ತಿಂಡಿ ಮೊದಲ ಸದ್ದಿಗೆ ಸಿಗುವುದಿಲ್ಲ, ವಾಪಸ್ ಬಂದದ್ದಕ್ಕೆ ಸಿಗುತ್ತದೆ. ಅದೂ ಕೈಯಿಂದಲ್ಲ, ಗುಡ್ಡದ ದಿಕ್ಕಿನಲ್ಲಿ ಹುಲ್ಲಿನ ಮೇಲೆ ಎಸೆಯಬೇಕು. ಆ ದಿಕ್ಕಿನಿಂದ ಒಳ್ಳೆಯದು ಬರುತ್ತದೆ ಅಂತ ಅವನಿಗೆ ಅನ್ನಿಸಬೇಕು, ಅಲ್ವಾ? ಹಲಗೆ ಪಾಠ ಗಟ್ಟಿಯಾದ ಮೇಲೆ ಮತ್ತೆ ಕೋವಿ, ಬಯಲಿನ ಕಡೆಯಿಂದ ಸ್ವಲ್ಪ ಸ್ವಲ್ಪವೇ ಗುಡ್ಡದ ಹತ್ತಿರಕ್ಕೆ. ಪಕ್ಕದ ತೋಟದವರು ರಾತ್ರಿ ಆನೆ ಓಡಿಸಲು ಪಟಾಕಿ ಹೊಡೆದರೆ ಮರುದಿನ ಪಾಠಕ್ಕೆ ರಜೆ. ಅಂಥ ದಿನ ಯಾವ ನಾಯಿಗೂ ತಲೆ ನಿಲ್ಲುವುದಿಲ್ಲ.

ಈಗ ಈಡು ಬಿದ್ದ ಕೂಡಲೇ ಬೊಳ್ಳು ಗುಡ್ಡದ ಕಡೆ ತಿರುಗಿ ಬಾಲ ಆಡಿಸುತ್ತಾನೆ. ಬೊಗಳುವುದಿಲ್ಲ, ಕಾಯುತ್ತಾನೆ. ತಿಂಡಿ ತಡವಾದರೆ ಮೂಗಿನಲ್ಲಿ ಸಣ್ಣಗೆ ಕುಂಯ್ ಅನ್ನುತ್ತಾನೆ. ಅದೊಂದು ಬಾಕಿ. ಕುಂಯ್ ಅಂದರೆ ಏನೂ ಸಿಗುವುದಿಲ್ಲ, ಬಾಯಿ ಮುಚ್ಚಿದ ಮೇಲೆ ಸಿಗುತ್ತದೆ. ದಿನ ದಿನಕ್ಕೆ ಕಡಿಮೆಯಾಗುತ್ತಿದೆ.

ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಸಿಕ್ಕಿಸುವ ತೋಕ್‌ಪೂ (ಅಗ್ನಿಶಿಖೆ ಹೂ) ಬಗ್ಗೆ ಒಂದು ಎಚ್ಚರಿಕೆ. ಆ ಗಿಡ ಗಡ್ಡೆಯಿಂದ ಹೂವಿನವರೆಗೆ ವಿಷ. ಕೋವಿ ಮೂಸಲು ಕಲಿತ ನಾಯಿ ಹೂವನ್ನೂ ಬಾಯಿಗೆ ಹಾಕುತ್ತದೆ. ಪೂಜೆ ಮುಗಿದ ಕೂಡಲೇ ತೆಗೆದು ದೂರ ಹಾಕಿ.

ಇಷ್ಟರ ಮಧ್ಯೆ ತಲೆಯಲ್ಲಿ ಮುಂದಿನ ಕೆಲಸ ಓಡುತ್ತಿದೆ. ಅರೇಬಿಕಾ ಕಾಫಿ ಗಿಡಕ್ಕೆ ಹತ್ತುವ ಬಿಳಿ ಕಾಂಡಕೊರಕ ಹುಳುವನ್ನು ಬೊಳ್ಳುವಿನ ಮೂಗಿನಿಂದ ಹುಡುಕಿಸಬಹುದಾ? ತಾಳೆ ಜಾತಿಯ ಮರ ಕೊರೆಯುವ ಕೆಂಪು ಮೂತಿ ಹುಳುವನ್ನು ಮೂಸಿ ಹೇಳಲು ಹೊರದೇಶಗಳಲ್ಲಿ ನಾಯಿಗಳನ್ನು ಪಳಗಿಸಿದ್ದಾರೆ. ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಅದಕ್ಕೆ ಮುಂಚೆಯೇ ಹುಳ ಬಿದ್ದ ಗಿಡ ಕಿತ್ತು ಸುಡಬೇಕು. ಈಗ ಕಾಂಡದ ಮೇಲಿನ ಉಬ್ಬು ಗೆರೆ ನೋಡಿ ಗಿಡ ಗಿಡ ಹುಡುಕುತ್ತೇವೆ. ಸುಡುವ ಮುಂಚೆ ಹುಳ ಇರುವ ಒಂದಿಷ್ಟು ಕಾಂಡದ ತುಂಡುಗಳನ್ನು ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಟಿದ್ದೇನೆ, ವಾಸನೆ ಕಲಿಸಲು.

ಅದಕ್ಕಿಂತ ಮುಂಚೆ ಪುತ್ತರಿ. ಅಲ್ಲಿ ಈಡು ರಾತ್ರಿ ಹೊತ್ತು, ಜೊತೆಗೆ ಪಟಾಕಿ, ಎಲ್ಲರೂ ಒಟ್ಟಿಗೆ ‘ಪೊಲಿ ಪೊಲಿ ದೇವಾ’ ಅಂತ ಕೂಗುವುದು. ಹೊಡೆಯುವವರು ನಾಯಿಗೆ ಕಾಣುವುದೇ ಇಲ್ಲ. ಈ ವಾರದಿಂದ ಹಲಗೆ ಪಾಠ ಸಂಜೆ ಕತ್ತಲಾದ ಮೇಲೆ.